ಬಾಳೆಕಂದಿನ ಜೊತೆ ಹೋದ ಮಣ್ಣು

ನಮ್ಮ ಮನೆಗೆ ಬಂದ ಹೆಣ್ಣುಮಕ್ಕಳು ಯಾರೂ ಬರಿಗೈಯಲ್ಲಿ ವಾಪಸ್ ಹೋದದ್ದಿಲ್ಲ. ಅಜ್ಜಿ ಇದನ್ನು ಬೀದಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದಳು. ನನಗೆ ಈ ಮಾತು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಗೋವಿಂದರಾಜನಗರದ ಆ ಮನೆಯಲ್ಲಿ ಕೊಡುವುದಕ್ಕೆ ಮಹಾ ಏನಿತ್ತು? ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳೆಲ್ಲ ನಾನು ಹುಟ್ಟುವ ಮೊದಲೇ ಸೈಟುಗಳಾಗಿದ್ದವು, ಸೈಟುಗಳು ಮನೆಗಳಾಗಿದ್ದವು. ನಮಗೆ ಉಳಿದದ್ದು ಬೀದಿಯ ಕಡೆಗೆ ಬಾಡಿಗೆಗೆ ಕೊಟ್ಟ ಸಣ್ಣ ಮನೆಗಳು, ಅವುಗಳ ಹಿಂದೆ ನಾವಿದ್ದ ಹೆಂಚಿನ ಮನೆ, ಅದರ ಬೆನ್ನಿಗೆ ಉದ್ದಕ್ಕೆ ಒಂದು ಹಿತ್ತಲು. ಆ ಹಿತ್ತಲೇ ಅಜ್ಜಿಯ ಪಾಲಿಗೆ ಹೋದ ಹೊಲ, ಗದ್ದೆ, ತೋಟ ಎಲ್ಲ. ಒಗೆಯುವ ಕಲ್ಲಿನ ಪಕ್ಕ ಬಾಳೆ, ಬಚ್ಚಲು ನೀರು ಹರಿಯುವ ಕಡೆ ಕೆಸು, ಕಾಂಪೌಂಡಿಗೆ ಹಬ್ಬಿಸಿದ ತೊಂಡೆ ಬಳ್ಳಿ, ಪರಂಗಿ, ಕನಕಾಂಬರ, ಒಂದು ಮೂಲೆಯಲ್ಲಿ ವೀಳ್ಯದೆಲೆ. ಅರಿಶಿನ ಕುಂಕುಮಕ್ಕೆ ಬಂದವರ ಕೈಗೆ ಎಲೆ ಅಡಿಕೆಯ ಜೊತೆ ಒಂದು ಗಿಡವೋ ಕಡ್ಡಿಯೋ ಹೋಗಲೇಬೇಕು. ಅದೂ ಬೇರಿನ ಸುತ್ತ ನಮ್ಮ ಹಿತ್ತಲಿನ ಮಣ್ಣು ಒಂದು ಮುದ್ದೆಯಷ್ಟು ಅಂಟಿಕೊಂಡೇ ಹೋಗಬೇಕು. ಬೇರಿಗೆ ತವರಿನ ಮಣ್ಣು ಇಲ್ಲದಿದ್ದರೆ ಗಿಡ ಹೊಸ ಜಾಗದಲ್ಲಿ ಅಳುತ್ತದೆ ಎನ್ನುವುದು ಅಜ್ಜಿಯ ಸಿದ್ಧಾಂತ. ಮದುವೆಯಾಗಿ ಬಂದವರು ಅತ್ತದ್ದನ್ನು ಕಂಡವಳು ಅವಳು, ಹಾಗಾಗಿ ಯಾರೂ ಎದುರು ಮಾತಾಡುತ್ತಿರಲಿಲ್ಲ.

ಹೀಗೆ ಪಡೆದುಕೊಂಡವರಲ್ಲಿ ಮೊದಲನೆಯವಳು ಗೌರತ್ತೆ, ಅಪ್ಪನ ಅಕ್ಕ. ಅವಳನ್ನು ಕೆಂಗೇರಿಗೆ ಕೊಟ್ಟಿತ್ತು. ಮಾವ ಬಸ್ ಡ್ರೈವರ್, ಮನೆಯ ಯಜಮಾನಿಕೆ ಮಾತ್ರ ಮಾವನ ಅಣ್ಣನದು. ಆ ಮನೆಯ ಜಮೀನೂ ನಮ್ಮದರ ಹಾಗೇ ಕರಗಿ, ಬಾವಿಯ ಪಕ್ಕದ ಒಂದು ತುಂಡು ಮಾತ್ರ ಉಳಿದಿತ್ತು. ಅಲ್ಲಿ ಅತ್ತೆ ಸೊಪ್ಪು ಬೆಳೆಯುತ್ತಿದ್ದಳು. ಕೀರೆ, ದಂಟು, ಮೆಂತ್ಯ, ಕೊತ್ತಂಬರಿ. ಬೆಳಗಾಗುವ ಮುಂಚೆ ಕಿತ್ತು, ಕಟ್ಟು ಕಟ್ಟಿ, ಸ್ಟೇಷನ್ ಹತ್ತಿರ ಕೂತು ಮಾರಿ, ಒಂಬತ್ತಕ್ಕೆಲ್ಲ ಮನೆಗೆ ಬಂದು ಎಲ್ಲರಿಗೂ ಮುದ್ದೆ ಬೇಯಿಸುತ್ತಿದ್ದಳು. ಅದನ್ನೂ ಮಾರಿಬಿಡೋಣ ಎಂದು ಅತ್ತೆಯ ಆ ಭಾವ ಹಟ ಹಿಡಿದಿದ್ದರು. ಸೊಪ್ಪು ಬರುವಷ್ಟು ದಿನ ಅವಳ ಪಾಡಿಗೆ ಬಿಡಿ, ಸೊಪ್ಪು ನಿಂತ ದಿನ ನಿಮ್ಮಿಷ್ಟ ಎಂದು ಮಾವ ನಡುವೆ ನಿಂತು ಒಪ್ಪಂದ ಮಾಡಿಸಿದ್ದ. ಹಾಗಾಗಿ ಆ ತುಂಡು ಅತ್ತೆಯ ಕೈಯಲ್ಲಿ ಉಳಿಯುವುದು ಬಿಡುವುದು ಕೀರೆ ದಂಟಿನ ಮೇಲೆ ನಿಂತಿತ್ತು. ರಜೆಯಲ್ಲಿ ಅಜ್ಜಿಯ ಜೊತೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಮೈಸೂರು ರಸ್ತೆಯ ಉದ್ದಕ್ಕೂ ಬಸ್ಸಿನ ಪಕ್ಕದಲ್ಲೇ ವೃಷಭಾವತಿಯ ದೊಡ್ಡ ಮೋರಿ ನಾರುತ್ತಾ ಬರುತ್ತಿತ್ತು. ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಂಡು, ನಮ್ಮ ಮನೆ ಬಚ್ಚಲು ನೀರು ನಮಗಿಂತ ಮುಂಚೆ ಗೌರಿ ಊರು ಸೇರುತ್ತೆ ನೋಡು ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಹಿತ್ತಲು ತಗ್ಗಾಗಿದೆ ಎಂದು ಅಪ್ಪ ಎಲ್ಲಿಂದಲೋ ಒಂದು ಟ್ರ್ಯಾಕ್ಟರ್ ಮಣ್ಣು ಹೊಡೆಸಿದ. ಆ ಮಣ್ಣಿನಲ್ಲಿ ಬಸವನಹುಳು ಬಂದವು. ಮಳೆಗಾಲದಲ್ಲಿ ನಾವು ನೋಡುತ್ತಿದ್ದ ಅಂಗಿಯ ಗುಂಡಿಯಷ್ಟು ದಪ್ಪದ ಪಾಪದ ಹುಳುಗಳಲ್ಲ ಇವು. ಅಂಗೈ ತುಂಬುವ ಕಂದು ಬಣ್ಣದ ಚಿಪ್ಪು, ಹಿಂದೆ ಮಿರಿಮಿರಿ ಲೋಳೆ. ಇವು ಆಫ್ರಿಕಾದ ಕಡೆಯವು, ನಮ್ಮ ಮಣ್ಣಿನವಲ್ಲ, ಬಿಟ್ಟರೆ ಸೊಪ್ಪು ಸದೆ ಒಂದೂ ಉಳಿಸುವುದಿಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮಗೆ ಅವು ಬರೀ ಶಂಖದ ಹುಳ. ಪಾಟಿನ ತಳದಲ್ಲಿ ಸಬ್ಬಕ್ಕಿಯಂಥ ಮೊಟ್ಟೆಗಳ ಗುಂಪು ಕಂಡು ಅಜ್ಜಿಯನ್ನು ಕರೆದು ತೋರಿಸಿದರೆ, ಏನೋ ಒಂದು ಜೀವ, ಇರಲಿ ಬಿಡು ಎಂದು ಅದರ ಮೇಲೆ ಪಾಟನ್ನು ಹಾಗೇ ಇಟ್ಟಳು. ಕನಕಾಂಬರದ ಚಿಗುರು ಹೋದ ಮೇಲೆ ಅಪ್ಪನಿಗೆ ಎಚ್ಚರವಾಯಿತು. ಬಕೆಟ್ಟಿಗೆ ನೀರು ತುಂಬಿ ಕಲ್ಲುಪ್ಪು ಕಲಸಿ ಬೆಳಗ್ಗೆ ಬೆಳಗ್ಗೆ ಹುಳು ಹೆಕ್ಕಿ ಹಾಕತೊಡಗಿದ. ಬರಿಗೈಯಲ್ಲಿ ಮುಟ್ಟಬೇಡ ಎಂದು ನನ್ನ ಕೈಗೆ ಹಾಲಿನ ಕವರ್ ತೊಡಿಸುತ್ತಿದ್ದ. ಹಾಗೇ ಮುಂದುವರಿದಿದ್ದರೆ ಒಂದು ಮಳೆಗಾಲದಲ್ಲಿ ಪೀಡೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅಮ್ಮ ಬಸುರಿಯಾದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಬೆನ್ನಿಗೆ ಒಂದು ಮಗು ಅಮ್ಮನ ಹೊಟ್ಟೆಯಲ್ಲೇ ಹೋಗಿತ್ತು. ಅದಕ್ಕೆ ಕೆಲವು ದಿನ ಮುಂಚೆ ಅಪ್ಪ ಸಂಪಿನ ಹತ್ತಿರ ಒಂದು ಕೇರೆ ಹಾವನ್ನು ಹೊಡೆದು ಕೊಂದಿದ್ದ. ಅಜ್ಜಿ ಇವೆರಡನ್ನೂ ಒಂದೇ ದಾರದಲ್ಲಿ ಕಟ್ಟಿ ಇಟ್ಟುಕೊಂಡಿದ್ದಳು. ಮನೆಯಲ್ಲಿ ಬಸುರಿ ಇರುವಾಗ ಆ ಮನೆಯವರು ಜೀವ ತೆಗೆಯಬಾರದು ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಈ ಸಲ ಅದು ಮಾತಾಗಿ ಉಳಿಯಲಿಲ್ಲ, ಮನೆಯ ಕಾನೂನಾಯಿತು. ಉಪ್ಪಿನ ಬಕೆಟ್ಟು ಅಟ್ಟ ಸೇರಿತು. ಇಲಿಬೋನು ಪಕ್ಕದ ಬೀದಿಗೆ ಹೋಯಿತು. ಜಿರಳೆಯನ್ನು ಕಸಬರಿಕೆಯಿಂದ ಹೊಸಿಲಾಚೆ ತಳ್ಳಬೇಕು, ಅಷ್ಟೆ. ಭಾನುವಾರ ಮಾತ್ರ ಅಂಗಡಿಯಿಂದ ಕೋಳಿ ಬರುತ್ತಿತ್ತು. ಕತ್ತರಿಸಿದವನು ಅಂಗಡಿಯವನು, ಪಾಪ ಅವನ ಲೆಕ್ಕಕ್ಕೆ, ಸಾರು ನಮ್ಮ ಲೆಕ್ಕಕ್ಕೆ. ಆ ವಯಸ್ಸಿನಲ್ಲೇ ನನಗೆ ಈ ಲೆಕ್ಕ ಹಿಡಿಸುತ್ತಿರಲಿಲ್ಲ. ಕೇಳಿದರೆ ಬಾಯಿ ಮುಚ್ಚಿಕೊಂಡು ತಿನ್ನು ಎಂದು ಮುದ್ದೆ ಬೀಳುತ್ತಿತ್ತು ತಟ್ಟೆಗೆ. ಅಮ್ಮ ನನ್ನ ಪರ ಮಾತಾಡುತ್ತಾಳೆಂದು ಅವಳ ಮುಖ ನೋಡುತ್ತಿದ್ದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ತಟ್ಟೆಯನ್ನೇ ನೋಡುತ್ತಿದ್ದಳು. ಅವಳಿಗೆ ನಂಬಿಕೆ ಇತ್ತೋ ಇಲ್ಲವೋ, ಭಯ ಮಾತ್ರ ಇತ್ತು.

ಕೊಲ್ಲುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಅದಕ್ಕೆ ನಮ್ಮ ಮನೆಯವರು ಕಂಡುಕೊಂಡ ದಾರಿ ಏನೆಂದರೆ ಬೇರೆ ಕಡೆ ಬಿಟ್ಟು ಬರುವುದು. ಪೇಂಟಿನ ಹಳೇ ಡಬ್ಬದ ತುಂಬ ಹುಳು ತುಂಬಿಸಿ ಅಪ್ಪ ಸ್ಕೂಟರಿನ ಕಾಲಿನ ಹತ್ತಿರ ಇಟ್ಟುಕೊಂಡು ಹೊರಡುತ್ತಿದ್ದ. ಒಂದು ದಿನ ಮಾಗಡಿ ರಸ್ತೆಯ ಖಾಲಿ ಸೈಟು, ಒಂದು ದಿನ ಪಾರ್ಕಿನ ಬೇಲಿ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಿನ್ನಿಪೇಟೆಯ ಕಡೆ ಪೊದೆ ಕಂಡರೆ ಅಲ್ಲಿ. ಸೊಪ್ಪು ಸದೆ ಇರೋ ಕಡೆ ಬಿಡಪ್ಪ, ಪಾಪ ಹಸ್ಕೊಂಡಿರ್ತವೆ ಎಂದು ಅಜ್ಜಿ ಬಾಗಿಲಲ್ಲಿ ನಿಂತು ಹೇಳಿ ಕಳಿಸುತ್ತಿದ್ದಳು. ಊರು ತುಂಬ ಹಂಚಿ ಬಂದ ಪುಣ್ಯ ಅಪ್ಪನದು. ಪಕ್ಕದ ಮನೆ ಸರೋಜಾ ಆಂಟಿ ಇಷ್ಟು ದೂರವೂ ಹೋಗುತ್ತಿರಲಿಲ್ಲ. ತಮ್ಮ ಗುಲಾಬಿ ಪಾಟಿನಲ್ಲಿ ಸಿಕ್ಕಿದ್ದನ್ನು ಇಕ್ಕಳದಲ್ಲಿ ಹಿಡಿದು ಗೋಡೆಯ ಮೇಲಿಂದ ನಮ್ಮ ಹಿತ್ತಲಿಗೆ ಎಸೆಯುತ್ತಿದ್ದರು. ನಿಮ್ಮ ಮನೆಯವೇ ಅಲ್ವಾ ಎನ್ನುವುದು ಅವರ ವಾದ. ಅಜ್ಜಿ ಅವನ್ನು ಮತ್ತೆ ಅವರ ಕಡೆಗೆ ದಾಟಿಸುತ್ತಿದ್ದಳು. ಇಬ್ಬರೂ ಸಂಜೆ ಅದೇ ಗೋಡೆಗೆ ಒರಗಿ ಹುಣಸೆಹಣ್ಣು ಬಿಡಿಸುತ್ತಾ ಹರಟೆ ಹೊಡೆಯುತ್ತಿದ್ದರು. ಹುಳುಗಳಂತೂ ಎರಡೂ ಕಡೆ ಹೆಚ್ಚಿದವು. ಪರಂಗಿ ಎಲೆ ತಿಂದವು, ತೊಂಡೆ ಚಿಗುರು ತಿಂದವು, ತಿನ್ನಲು ಏನೂ ಸಿಗದಾಗ ಬಚ್ಚಲು ಗೋಡೆಯ ಸುಣ್ಣವನ್ನೂ ನೆಕ್ಕಿ ಇಟ್ಟಿಗೆ ತೋರಿಸಿದವು. ಅಪ್ಪನನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ನಿಮ್ಮಜ್ಜಿ ಹೇಳೋದೂ ಸರಿ, ನೀನು ಹೇಳೋದೂ ಸರಿ. ಸ್ಕೂಟರ್ ಸ್ಟಾರ್ಟ್ ಮಾಡಿ ಹೊರಟುಬಿಡುತ್ತಿದ್ದ.

ಅಮ್ಮನಿಗೆ ಏಳು ತುಂಬಿದಾಗ ಗೌರತ್ತೆ ಬಯಕೆಗೆಂದು ಕಜ್ಜಾಯ ಕಟ್ಟಿಕೊಂಡು ಬಂದಳು. ಬಗಲಲ್ಲಿ ಎಂದಿನಂತೆ ಸೊಪ್ಪಿನ ಗಂಟು. ನಡುಮನೆಯಲ್ಲಿ ಅದನ್ನು ಬಿಚ್ಚಿದರೆ ಇಡೀ ಮನೆಗೆ ಹಸಿ ಕೊತ್ತಂಬರಿಯ ಘಮ. ಅವತ್ತು ಮಧ್ಯಾಹ್ನ ಮಸ್ಸೊಪ್ಪು, ಬಿಸಿ ಮುದ್ದೆ. ಉಂಡು, ಎಲೆ ಅಡಿಕೆ ಹಾಕಿಕೊಂಡು ಹೊರಡುವ ಹೊತ್ತಿಗೆ ಅಜ್ಜಿ ಹಾರೆ ಹಿಡಿದು ಹಿತ್ತಲಿಗೆ ಇಳಿದಳು. ಮಗಳಿಗೆ ಕೊಡಲೆಂದೇ ಒಂದು ಏಲಕ್ಕಿ ಬಾಳೆಕಂದನ್ನು ಕಣ್ಣಿಟ್ಟು ಕಾಯ್ದಿದ್ದಳು. ಅದನ್ನು ಬುಡಸಮೇತ ಎಬ್ಬಿಸಿ, ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು ಮಣ್ಣಿನ ಹೆಂಟೆಯ ಜೊತೆ ಗೋಣಿತಾಟಿನಲ್ಲಿ ಸುತ್ತತೊಡಗಿದಳು. ಅಮ್ಮ ಹಿತ್ತಲ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ. ಮಣ್ಣಿನ ಸಂದಿಯಲ್ಲಿ ಬಿಳಿ ಬಿಳಿ ಮೊಟ್ಟೆ ನನಗೂ ಕಂಡವು, ಅಮ್ಮನಿಗೂ ಕಂಡವು.

"ಅತ್ತೆ, ಆ ಮಣ್ಣು ತೊಳೆದು ಕೊಡಿ. ಅತ್ತಿಗೆ ಸೊಪ್ಪಿನ ಪಾತಿ ಇರೋ ಕಡೆ ಅದು ಹೋಗೋದು ಬೇಡ."

"ತವರು ಮಣ್ಣು ತೊಳೆದು ಕೊಡೋಕೆ ನನ್ನ ಮಗಳೇನು ಬೀದಿಯವಳಾ?"

ಅಮ್ಮ ಇನ್ನೊಂದು ಸಲ ಬಾಯಿ ತೆಗೆದಳು. ಅಷ್ಟರಲ್ಲಿ ಅಜ್ಜಿ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಮೊಟ್ಟೆ ಮರಿ ತೊಳೆದು ಸಾಯಿಸಿ ಅನ್ನುತ್ತೀಯಲ್ಲ, ಹೋದ ಸಲ ಆದದ್ದು ಸಾಲದಾ ಎಂದುಬಿಟ್ಟಳು. ಅಮ್ಮ ಒಳಗೆ ಹೋದಳು. ಗೌರತ್ತೆಗೆ ಬಸ್ಸಿನ ಆತುರ. ತಾಯಿ ಕೊಟ್ಟದ್ದನ್ನು ತಲೆಗೆ ಒತ್ತಿಕೊಂಡು, ಬಗಲಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಹೊರಟಳು. ಬಸ್ ಸ್ಟಾಪಿನ ತನಕ ನಾನೂ ಹೋಗಿದ್ದೆ. ಅತ್ತೆ, ಅದರಲ್ಲಿ ಹುಳ ಇದೆ ಎಂದು ಹೇಳಿದೆ. ಒಂದೆರಡು ಹುಳ ಎಲ್ಲಿಲ್ಲ ಹೇಳು, ನಮ್ಮ ಕೋಳಿ ತಿಂದಾಕ್ತವೆ ಎಂದು ನನ್ನ ಕೆನ್ನೆ ಹಿಂಡಿ ಬಸ್ ಹತ್ತಿದಳು. ಕಂಡಕ್ಟರ್ ಲಗೇಜ್ ಎಂದು ಗೊಣಗಿದ್ದು ಕೇಳಿಸಿತು. ಇಳಿಸಿಬಿಡಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಇಳಿಸಲಿಲ್ಲ.

ಕೋಳಿ ತಿನ್ನಲಿಲ್ಲ. ಬಾಳೆಕಂದು ಬಾವಿಯ ದಡದಲ್ಲಿ ಚೆನ್ನಾಗಿ ಹತ್ತಿಕೊಂಡಿತು, ಅದರ ಜೊತೆಗೆ ಹೋದದ್ದೂ ಹತ್ತಿಕೊಂಡಿತು. ಮಳೆ ಶುರುವಾದ ಮೇಲೆ ಅತ್ತೆ ಪಕ್ಕದ ಅಂಗಡಿಯಿಂದ ಫೋನ್ ಮಾಡತೊಡಗಿದಳು. ಮೊದಲು ಕೊತ್ತಂಬರಿ ಮೊಳಕೆ ಸಾಲು ಸಾಲೇ ಮಾಯ. ಆಮೇಲೆ ಕೀರೆ. ಸಂಜೆ ಹಸಿರಾಗಿದ್ದ ಪಾತಿ ಬೆಳಗ್ಗೆ ಬರೀ ಲೋಳೆ. ಸ್ಟೇಷನ್ ಹತ್ತಿರ ಅವಳು ಕೂರುತ್ತಿದ್ದ ಜಾಗದಲ್ಲಿ ಇನ್ನೊಬ್ಬಳು ಬಂದು ಕೂತಳಂತೆ. ಅಜ್ಜಿ ಫೋನಿನಲ್ಲಿ ಬೂದಿ ಎರಚು ಎನ್ನುತ್ತಿದ್ದಳು, ದೃಷ್ಟಿ ತೆಗೆ ಎನ್ನುತ್ತಿದ್ದಳು, ಆ ಮನೆಯ ಓರಗಿತ್ತಿಯ ಕಣ್ಣು ಸರಿಯಿಲ್ಲ ಎನ್ನುತ್ತಿದ್ದಳು. ಬಾಳೆಕಂದಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ನಾನು ಪಕ್ಕದಲ್ಲಿ ನಿಂತು, ಅಜ್ಜಿ ನಮ್ಮ ಹುಳ ಕಣಜ್ಜಿ ಎಂದರೆ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಕಣ್ಣು ಬಿಡುತ್ತಿದ್ದಳು. ಭಾವ ದಿನಾ ಬೆಳಗ್ಗೆ ಪಾತಿಯ ಹತ್ತಿರ ಬಂದು, ಕೈ ಹಿಂದೆ ಕಟ್ಟಿಕೊಂಡು ನಿಂತು, ಏನೂ ಹೇಳದೆ ಹೋಗುತ್ತಾರೆ ಎಂದು ಅತ್ತೆ ಹೇಳಿದ ದಿನ ಅಪ್ಪ ಊಟ ಬಿಟ್ಟು ಎದ್ದ. ಎದ್ದು ಏನು ಮಾಡಿದ? ಕೈ ತೊಳೆದುಕೊಂಡ. ಇಷ್ಟೇ ನಮ್ಮ ಮನೆಯ ಗಂಡಸರ ಪ್ರತಾಪ.

ತಂಗಿ ಹುಟ್ಟಿದಳು. ಕೆಂಪಗೆ, ಗುಂಡಗೆ, ಆಸ್ಪತ್ರೆ ಕಿತ್ತುಹೋಗುವ ಹಾಗೆ ಅಳುತ್ತಾ. ಎಲ್ಲರಿಗಿಂತ ಮೊದಲು ಅತ್ತವಳು ಅಜ್ಜಿ, ಆಮೇಲೆ ಎಲ್ಲರಿಗಿಂತ ಹೆಚ್ಚು ಮಾತಾಡಿದವಳೂ ಅವಳೇ. ನೋಡಿದ್ರಾ, ಒಂದು ಜೀವ ತೆಗೀಲಿಲ್ಲ, ಒಂದು ಜೀವ ಬಂತು. ಇದಕ್ಕೆ ಯಾರು ಏನು ಹೇಳುವುದು? ಮಗು ಕಣ್ಣೆದುರಿಗೆ ಕೈಕಾಲು ಆಡಿಸುತ್ತಿತ್ತು. ತಂಗಿಯನ್ನು ಎತ್ತಿಕೊಂಡರೆ ನನಗೂ ಸಂತೋಷವೇ. ಆದರೆ ಅಜ್ಜಿಯ ಮಾತು ಕೇಳಿದಾಗಲೆಲ್ಲ ಕೆಂಗೇರಿಯ ಬರಿ ಪಾತಿಗಳು ಕಣ್ಣಿಗೆ ಬರುತ್ತಿದ್ದವು. ಅಮ್ಮನಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನವೂ ನಮ್ಮ ಮನೆಯಲ್ಲೇ, ಅಜ್ಜಿಯ ಕೈಯಲ್ಲೇ. ಹಂಡೆ ಹಂಡೆ ಬಿಸಿನೀರು ಕಾಯಿಸಿ, ಎಣ್ಣೆ ಒತ್ತಿ, ಸಾಂಬ್ರಾಣಿ ಹೊಗೆ ಹಾಕಿ, ಮೆಣಸಿನ ಸಾರು ಉಣಿಸಿ ಸೊಸೆಯನ್ನು ಹೂವಿನಂತೆ ನೋಡಿಕೊಂಡಳು. ಅಜ್ಜಿ ಕೆಟ್ಟವಳಾಗಿದ್ದರೆ ನನ್ನ ಸಿಟ್ಟು ಎಷ್ಟು ಸುಲಭವಾಗಿರುತ್ತಿತ್ತು.

ನಾಮಕರಣದ ದಿನ ಶಾಮಿಯಾನ ಬೀದಿಯವರೆಗೆ ಬಂದಿತ್ತು. ಗೌರತ್ತೆ ಬಂದದ್ದು ತೊಟ್ಟಿಲ ಶಾಸ್ತ್ರ ಮುಗಿದು ಎಲೆ ಹಾಕುವ ಹೊತ್ತಿಗೆ. ಸೊರಗಿಹೋಗಿದ್ದಳು. ತಲೆಯ ಮೇಲೆ ಒಂದು ಬಿದಿರು ಬುಟ್ಟಿ, ಮೇಲೆ ಒದ್ದೆ ಗೋಣಿ ಹೊದಿಸಿತ್ತು. ಸೊಪ್ಪು ತಂದಳು ಗೌರಿ ಎಂದು ಅಜ್ಜಿಯ ಮುಖ ಅರಳಿತು. ಅತ್ತೆ ಯಾರನ್ನೂ ಮಾತಾಡಿಸದೆ ಸೀದಾ ಹಿತ್ತಲಿಗೆ ನಡೆದು, ಒಗೆಯುವ ಕಲ್ಲಿನ ಹತ್ತಿರ ಬುಟ್ಟಿ ಇಳಿಸಿದಳು. ಹಿಂದೆಯೇ ಹೋದ ಅಜ್ಜಿ ಗೋಣಿ ಸರಿಸಿದಳು. ಬುಟ್ಟಿಯ ತುಂಬ ಬಸವನಹುಳು, ಒಂದರ ಮೇಲೊಂದು ಹರಿಯುತ್ತಾ. ನಡುವೆ ನೆಟ್ಟಗೆ ನಿಲ್ಲಿಸಿದ ಅದೇ ಬಾಳೆಯ ಗಿಡ, ಬುಡದ ಮಣ್ಣಿನ ಸಮೇತ.

"ಏನೇ ಇದು ಗೌರಿ?"

"ನೀನು ಕೊಟ್ಟಿದ್ದು ಕಣವ್ವ. ವಾಪಸ್ ತಂದಿದೀನಿ. ತವರಿಗೆ ಬರಿಗೈಲಿ ಬರಬಾರದು ಅಂತ."

ಅಜ್ಜಿಯ ಮುಖ ಒಂದು ಕ್ಷಣ ಬಿಳಿಚಿತು. ಆಗಲಾದರೂ ತಪ್ಪಾಯ್ತು ಮಗಳೇ ಎನ್ನುತ್ತಾಳೆಂದು ನಾನು ಕಾದೆ. ಅವಳು ಬಾಗಿಲ ಕಡೆ ತಿರುಗಿ ಅಪ್ಪನನ್ನು ಕರೆದಳು. ಶುಭದ ದಿನ, ಮನೆ ತುಂಬ ನೆಂಟರಿದ್ದಾರೆ, ಇವತ್ತೊಂದು ದಿನ ಜೀವ ತೆಗೆಯುವುದು ಬೇಡ, ಬುಟ್ಟಿಯನ್ನು ಆ ಪಾರ್ಕಿನ ಕಡೆ ಬಿಟ್ಟು ಬಾ ಎಂದಳು. ಅಪ್ಪ ಬಂದು ಬುಟ್ಟಿಗೆ ಕೈ ಹಾಕಿಯೇಬಿಟ್ಟ. ಹೊಸ ಪಂಚೆ ಉಟ್ಟಿದ್ದ, ಅದನ್ನು ಎತ್ತಿ ಕಟ್ಟಿಕೊಂಡು ಬಗ್ಗಿದ್ದ. ಅತ್ತೆ ತಮ್ಮನ ಕೈ ಹಿಡಿದುಕೊಂಡಳು. ಅವಳ ಧ್ವನಿ ಏರಲಿಲ್ಲ.

"ಆ ಪಾರ್ಕ್ ಪಕ್ಕದಲ್ಲೂ ಯಾವಳೋ ಒಬ್ಬಳು ನಾಲ್ಕು ಪಾತಿ ಮಾಡ್ಕೊಂಡಿರ್ತಾಳೆ ಕಣವ್ವ. ಅವಳೂ ಯಾರದೋ ಮಗಳೇ."

ಆಗ ಬಾಣಂತಿ ಕೋಣೆಯಿಂದ ಅಮ್ಮ ಬಂದಳು. ಕಿವಿಗೆ ಹತ್ತಿ, ತಲೆಗೆ ಸುತ್ತಿದ ಉಣ್ಣೆ ಸ್ಕಾರ್ಫು, ಮೈಮೇಲೆ ಶಾಸ್ತ್ರದ ಹಸಿರು ಸೀರೆ. ಹಿತ್ತಲ ಹೊಸಿಲು ದಾಟಬಾರದಿತ್ತು, ದಾಟಿದಳು. ಕೈಯಲ್ಲಿ ಅಡುಗೆಮನೆಯ ಉಪ್ಪಿನ ಜಾಡಿ. ಯಾರ ಹೊಟ್ಟೆಯ ನೆಪದಲ್ಲಿ ಇಷ್ಟೆಲ್ಲ ಕಾಪಾಡಿದ್ದರೋ ಅವಳೇ ಜಾಡಿಯನ್ನು ಕಲ್ಲಿನ ಮೇಲೆ ಇಟ್ಟಳು.

"ತಗೊಳ್ಳಿ ಅತ್ತಿಗೆ. ಸಾಲದೇ ಇದ್ರೆ ಇನ್ನೂ ಇದೆ."

ಅತ್ತೆ ಅಟ್ಟದಿಂದ ಬಕೆಟ್ಟು ಇಳಿಸಿ, ನೀರು ತುಂಬಿ, ಉಪ್ಪು ಸುರಿದಳು. ಒಂದೊಂದೇ ಹುಳುವನ್ನು ತೆಗೆದು ಹಾಕುತ್ತಾ ಕೂತಳು. ಅಳುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಅಮ್ಮ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಳು, ನಾನು ಕೈಗೆ ಹಾಲಿನ ಕವರ್ ಹಾಕಿಕೊಂಡೆ. ಶಾಮಿಯಾನದ ಕಡೆಯಿಂದ ಪಾಯಸದ ಘಮ ಬರುತ್ತಿತ್ತು. ಕೆಲಸ ಮುಗಿಸಿ ಸೋಪು ಹಾಕಿ ಕೈ ತೊಳೆದ ಮೇಲೆಯೇ ಅತ್ತೆ ಮಗುವನ್ನು ಎತ್ತಿಕೊಂಡದ್ದು. ಊಟಕ್ಕೆ ಕೂತು ಸಾರು ಅನ್ನ ಕಲಸುತ್ತಾ, ಏನೋ ಮರೆತಿದ್ದು ನೆನಪಾದವಳ ಹಾಗೆ ಹೇಳಿದಳು. ಹಿಂದಿನ ವಾರವೇ ಆ ತುಂಡಿಗೆ ಅಡ್ವಾನ್ಸ್ ತೆಗೆದುಕೊಂಡಿದ್ದಾರೆ. ಭಾವ ಮಾತಿಗೆ ತಪ್ಪಲಿಲ್ಲ, ಸೊಪ್ಪು ನಿಲ್ಲುವ ತನಕ ಕಾದರು.

ಈಗ ಅಲ್ಲಿ ಅಪಾರ್ಟ್‌ಮೆಂಟ್ ಇದೆ. ಮೆಟ್ರೋದಲ್ಲಿ ಹೋಗುವಾಗ ಕಿಟಕಿಯಿಂದ ಕಾಣುತ್ತದೆ, ನಾನು ನೋಡುವುದಿಲ್ಲ. ನನ್ನ ಮನೆಗೆ ಯಾರಾದರೂ ಪ್ರೀತಿಯಿಂದ ಗಿಡ ತಂದರೆ ಗೇಟಿನ ಹೊರಗೇ ನಿಲ್ಲಿಸಿ, ಮಣ್ಣು ಬಿಡಿಸಿ, ಬೇರು ನೋಡಿ, ತೊಳೆದ ನೀರನ್ನು ಕುದಿಸಿ, ಆಮೇಲೆ ಒಳಗೆ ಬಿಡುತ್ತೇನೆ. ಅಕ್ಕಪಕ್ಕದವರು ನನಗೆ ಚೆಕ್‌ಪೋಸ್ಟ್ ಆಂಟಿ ಎಂದು ಹೆಸರಿಟ್ಟಿದ್ದಾರೆ. ಇಡಲಿ. ಅದೇ ಜನ ಮಳೆ ಬಂದ ಮಾರನೆಯ ದಿನ ಮೊರದಲ್ಲಿ ಹುಳು ಎತ್ತಿಕೊಂಡು ಎದುರಿನ ಖಾಲಿ ಸೈಟಿಗೆ ಸುರಿದು ಬರುತ್ತಾರೆ. ಎಷ್ಟು ಹೇಳಿದರೂ ಅಷ್ಟೆ. ನಮ್ಮ ಕಾಂಪೌಂಡ್ ಒಳಗೆ ಇಲ್ಲವಲ್ಲ ಮೇಡಂ ಎನ್ನುತ್ತಾರೆ.

ಗೌರತ್ತೆ ತವರಿಗೆ ಬರುವುದನ್ನು ಬಿಡಲಿಲ್ಲ, ಗಿಡ ಒಯ್ಯುವುದನ್ನು ಬಿಟ್ಟಳು. ಅಜ್ಜಿ ಆ ವಿಷಯ ಒಂದು ದಿನವೂ ಬಾಯಿಗೆ ತರಲಿಲ್ಲ. ಆದರೆ ಆಮೇಲಿನ ಗೌರಿ ಹಬ್ಬದಲ್ಲಿ ಸರೋಜಾ ಆಂಟಿಯ ಮಗಳಿಗೆ ಮಲ್ಲಿಗೆ ಗಿಡ ಕೊಡುವಾಗ ನಾನು ಕಣ್ಣಾರೆ ನೋಡಿದೆ. ಹಿತ್ತಲಲ್ಲಿ ಒಬ್ಬಳೇ ಕುಕ್ಕುರುಗಾಲಲ್ಲಿ ಕೂತು, ಬೋಸಿಯ ನೀರಿನಲ್ಲಿ ಬೇರನ್ನು ಅದ್ದಿ ಅದ್ದಿ, ಮಗುವಿನ ಕೂದಲು ಬಿಡಿಸುವ ಹಾಗೆ ಬೆರಳಾಡಿಸಿ, ತವರಿನ ಮಣ್ಣು ಒಂದು ಚೂರೂ ಉಳಿಯದ ಹಾಗೆ ತೊಳೆಯುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು. ಓಡಿಹೋಗಿ ಅಪ್ಪಿಕೊಳ್ಳೋಣ ಎಂದುಕೊಂಡೆ. ಅಷ್ಟರಲ್ಲಿ ಅವಳು ಎದ್ದು, ಮೊಟ್ಟೆ ತೇಲುತ್ತಿದ್ದ ಆ ನೀರನ್ನು ಹಾಗೇ ಮೋರಿಗೆ ಚೆಲ್ಲಿದಳು.

"ಅಜ್ಜಿ, ಆ ನೀರು ಎಲ್ಲಿಗೆ ಹೋಗುತ್ತೆ ಗೊತ್ತಾ?"

"ಮೋರಿಗೆ."

"ಮೋರಿ ಎಲ್ಲಿಗೆ ಹೋಗುತ್ತೆ?"

ಅಜ್ಜಿ ಬೋಸಿಯನ್ನು ಗೋಡೆಗೆ ಒರಗಿಸಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

"ನಮ್ಮ ಮನೆಯಿಂದ ಆಚೆಗೆ ಹೋಯ್ತಲ್ಲ, ಸಾಕು ಬಿಡೇ."